ಅಪ್ಪನ ಶಾಫ್ಟ್, ಮಗನ ಸರತಿ: ಕೋಲಾರ ಚಿನ್ನದ ಗಣಿಯ ಒಂದು ಪ್ರಕರಣ ಅಧ್ಯಯನ

ಕೋಲಾರದ ಚಿನ್ನದ ಗಣಿಗೆ ಮೊದಲು ಇಳಿದ ಕೂಲಿಗಳಲ್ಲಿ ಬಹುತೇಕ ಯಾರಿಗೂ ಅದು ಕುಲಕಸುಬಾಗಿರಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟಾಗ ಸಿಡಿಮದ್ದು, ಸಾವಿರ ಅಡಿ ಆಳದ ಶಾಫ್ಟ್ ಎಂಬ ಗಣಿಬಾವಿ, ಅದರೊಳಗೆ ಆಳುಗಳನ್ನು ಇಳಿಸುವ ಕೇಜ್ ಎಂಬ ಪಂಜರ ಇವೆಲ್ಲ ಈ ಸೀಮೆಗೆ ಹೊಸವು. ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನ ಕಡೆಯ ತಮಿಳು ದಲಿತರು, ಚಿತ್ತೂರಿನ ಕಡೆಯ ತೆಲುಗರು. ಅವರ ಅಪ್ಪಂದಿರು ಮಾಡುತ್ತಿದ್ದುದು ಬೇರೆಯವರ ಹೊಲದಲ್ಲಿ ಜೀತಕ್ಕೆ ಹತ್ತಿರದ ದುಡಿಮೆ. ಅಂದರೆ ಈ ಪ್ರಕರಣ ಶುರುವಾಗುವುದೇ ಅಪ್ಪನ ಕೆಲಸವನ್ನು ಬಿಟ್ಟು ಓಡಿಬಂದ ಮಕ್ಕಳಿಂದ.

ಹಾಗೆ ಬಂದವರ ಮೊಮ್ಮಕ್ಕಳ ಹೊತ್ತಿಗೆ ಗಣಿಯೇ ಕುಲಕಸುಬಾಗಿತ್ತು. ಒಂದು ಕಸುಬು ವಂಶದ ಕಸುಬಾಗಲು ಶಾಸ್ತ್ರ ಬೇಕಿಲ್ಲ, ಐವತ್ತು ವರ್ಷ ಸಾಕು ಎಂಬುದಕ್ಕೆ ಕೆಜಿಎಫ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಪ್ಪನ ಕೆಲಸ ಮಗನಿಗೆ ದಾಟಿದ್ದರಿಂದ ಈ ಮನೆಗಳ ಆದಾಯಕ್ಕೆ ಏನಾಯಿತು, ಬಡತನ ಎಲ್ಲಿಂದ ಬಂತು ಎಂಬುದನ್ನು ಇಲ್ಲಿ ಬಿಡಿಸಿ ನೋಡಬೇಕಾಗಿದೆ. ‘ಅಪ್ಪ ಮಾಡಿದ್ದನ್ನೇ ಮಾಡಿ ಹಾಳಾದರು’ ಎಂಬ ಮಾತು ಕೇಳಲು ಸುಲಭ. ಆದರೆ ಲೆಕ್ಕ ಅಷ್ಟು ಸರಳವಾಗಿಲ್ಲ.

ಯಾವ ಕಸುಬು ಊರು ದಾಟುತ್ತದೆ

ಗಣಿಯಲ್ಲಿ ವಂಶಪಾರಂಪರ್ಯದ ಕಸುಬುದಾರರು ಮೊದಲ ದಿನದಿಂದಲೂ ಇದ್ದರು. ಅವರು ಇಂಗ್ಲೆಂಡಿನ ಕಾರ್ನ್‌ವಾಲ್‌ನವರು. ಅಲ್ಲಿನ ತವರ, ತಾಮ್ರದ ಗಣಿಗಳಲ್ಲಿ ತಲೆಮಾರುಗಳಿಂದ ಪಳಗಿದವರು. ಪ್ರಪಂಚದ ಗಣಿಗಳಲ್ಲಿ ಅವರಿಗೆ ‘ಕಸಿನ್ ಜ್ಯಾಕ್’ ಎಂಬ ಅಡ್ಡಹೆಸರಿತ್ತು. ಎಲ್ಲಿ ಕೆಲಸ ಖಾಲಿಯಾದರೂ ‘ನನ್ನ ಸೋದರಸಂಬಂಧಿ ಜ್ಯಾಕ್ ಇದ್ದಾನೆ, ಕರೆಸಲೇ?’ ಎಂದು ಕೇಳುತ್ತಿದ್ದರಂತೆ, ಅದಕ್ಕೇ ಆ ಹೆಸರು. ಕಾರ್ನ್‌ವಾಲ್‌ನಲ್ಲಿ ಗಣಿಗಳು ಸೋತಾಗ ಅವರು ದಕ್ಷಿಣ ಆಫ್ರಿಕಕ್ಕೆ, ಆಸ್ಟ್ರೇಲಿಯಕ್ಕೆ, ಕೋಲಾರಕ್ಕೆ ಹೊರಟರು. ಇಲ್ಲಿ ಅವರಿಗೆ ಸಿಕ್ಕಿದ್ದು ಮೇಲ್ವಿಚಾರಣೆಯ ಹುದ್ದೆ, ಬಂಗಲೆ, ಕ್ಲಬ್ಬು.

ಅದೇ ಶಾಫ್ಟಿನಲ್ಲಿ ಅವರ ಪಕ್ಕದಲ್ಲೇ ಬಂಡೆಗೆ ರಂಧ್ರ ಕೊರೆದವನಿಗೆ, ಮರದ ದಿಮ್ಮಿಗಳ ಆಸರೆ ಕಟ್ಟಿದ ಟಿಂಬರ್‌ಮ್ಯಾನ್‌ಗೆ, ಅದಿರಿನ ಗಾಡಿ ತಳ್ಳಿದ ಟ್ರಾಮರ್‌ಗೆ ಸಿಕ್ಕಿದ್ದು ಸಾಲುಮನೆಯಲ್ಲಿ ಒಂದು ಕೋಣೆ. ಇಬ್ಬರ ಮಕ್ಕಳೂ ಅಪ್ಪನ ಕಸುಬನ್ನೇ ಹಿಡಿದರು. ಒಬ್ಬನ ಕಸುಬಿಗೆ ಪ್ರಪಂಚದಲ್ಲಿ ಹತ್ತು ಕಡೆ ಗಿರಾಕಿ, ಇನ್ನೊಬ್ಬನದಕ್ಕೆ ಒಬ್ಬನೇ ಮಾಲೀಕ. ಕಸುಬು ಅಪ್ಪನಿಂದ ಬಂತೇ ಎನ್ನುವುದಕ್ಕಿಂತ ಅದು ಊರು ದಾಟಿದರೂ ಬೆಲೆ ಬಾಳುತ್ತದೆಯೇ ಎನ್ನುವುದು ಆದಾಯವನ್ನು ಹೆಚ್ಚು ನಿರ್ಧರಿಸುತ್ತದೆ. ಕೋಲಾರದಲ್ಲಿ ಕಲಿತ ಆಳದ ಗಣಿಯ ಕೆಲಸ ಭಾರತದಲ್ಲಿ ಮಾರಾಟವಾಗುವ ಜಾಗಗಳು ಬೆರಳೆಣಿಕೆಯಷ್ಟು: ರಾಯಚೂರು ಜಿಲ್ಲೆಯ ಹಟ್ಟಿ, ಜಾರ್ಖಂಡಿನ ಜಾದೂಗುಡ ಯುರೇನಿಯಂ ಗಣಿ, ರಾಜಸ್ಥಾನದ ಸತು-ಸೀಸದ ಗಣಿಗಳು. ಬಂಡೆ ಸಿಡಿಸುವ ಬ್ಲಾಸ್ಟರ್ ಅಥವಾ ಕೇಜನ್ನು ಏರಿಳಿಸುವ ವೈಂಡಿಂಗ್ ಎಂಜಿನ್ ಚಾಲಕನ ಪ್ರಮಾಣಪತ್ರ ಇದ್ದವನು ಅಲ್ಲಿ ಬಾಗಿಲು ತಟ್ಟಬಹುದು. ಬರೀ ಮೈಕಸುವಿನ ಅನುಭವ ಇದ್ದವನು ತಟ್ಟುವುದಾದರೂ ಹೇಗೆ?

ಮೊದಲ ಎರಡು ತಲೆಮಾರಿನ ಲಾಭ

ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು: ಅಪ್ಪನ ಹಿಂದೆ ಮಗ ಗಣಿಗೆ ಇಳಿದದ್ದು ಬಹುಕಾಲ ಬುದ್ಧಿವಂತಿಕೆಯ ನಿರ್ಧಾರವೇ ಆಗಿತ್ತು. ಹಳ್ಳಿಯಲ್ಲಿ ವರ್ಷದ ಅರ್ಧ ಕೂಲಿ, ಅರ್ಧ ಉಪವಾಸ. ಜೊತೆಗೆ ಕೇರಿಯ ಅವಮಾನ. ಇಲ್ಲಿ ತಪ್ಪದೆ ಬರುವ ನಗದು ಕೂಲಿ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಹರಿಯಿತು, ಬೆಂಗಳೂರಿನ ಬೀದಿಗಳಿಗಿಂತ ಮೊದಲೇ. ಬೇತಮಂಗಲದ ಕೆರೆಯಿಂದ ಕುಡಿಯುವ ನೀರು ಬಂತು. ಆಸ್ಪತ್ರೆ ಇತ್ತು, ಮಿಷನ್ ಶಾಲೆಗಳಿದ್ದವು. ತಮಿಳು ದಲಿತ ಚಿಂತಕ ಅಯೋತ್ತಿದಾಸರ ಬೌದ್ಧ ಚಳವಳಿಗೆ ಗಣಿ ಪ್ರದೇಶದ ಮಾರಿಕುಪ್ಪಂನಲ್ಲಿ, ಚಾಂಪಿಯನ್ ರೀಫ್‌ನಲ್ಲಿ ಶಾಖೆಗಳಿದ್ದವು. ನೆಲದಡಿಯಲ್ಲಿ ಕೂಲಿಯೇ ಆಗಿದ್ದರೂ ನೆಲದ ಮೇಲೆ ತಲೆಯೆತ್ತಿ ನಡೆಯುವ ಅವಕಾಶ ಊರಿನ ಜಮೀನ್ದಾರನ ಕಣ್ಣೆದುರಿನಲ್ಲಿ ಸಿಗುತ್ತಿರಲಿಲ್ಲ.

ಕೆಲಸ ಸಿಗುವ ಬಗೆಯೂ ಮನೆತನದ ದಾರಿಯಲ್ಲೇ ಇತ್ತು. ಗುತ್ತಿಗೆದಾರ, ಅವನ ಕೈಕೆಳಗಿನ ಮೇಸ್ತ್ರಿ ತಮ್ಮ ಊರಿನವರನ್ನು ಕರೆತಂದರು. ಬಂದವರು ತಮ್ಮ ಭಾವಮೈದುನನನ್ನು, ಮಗನನ್ನು ಸೇರಿಸಿದರು. ಇದರಲ್ಲಿ ಮಾಲೀಕನಿಗೂ ಲಾಭ. ಹೊಸಬನ ನಡತೆಗೆ ಅಪ್ಪನೇ ಜಾಮೀನು. ಕತ್ತಲಲ್ಲಿ ಬಂಡೆಯ ಸದ್ದನ್ನು ಕೇಳಿ ಅದು ಸಡಿಲವಾಗಿದೆಯೇ ಗಟ್ಟಿಯಿದೆಯೇ ಎಂದು ತಿಳಿಯುವುದನ್ನು ಯಾವ ತರಬೇತಿ ಶಾಲೆಯೂ ಅಪ್ಪನಷ್ಟು ಕಾಳಜಿಯಿಂದ ಕಲಿಸುವುದಿಲ್ಲ. ಕಂಬಿಯಿಂದ ತಟ್ಟಿದಾಗ ಗಂಟೆಯಂತೆ ನಾದ ಬಂದರೆ ಬಂಡೆ ಗಟ್ಟಿ, ಡೋಲಿನಂತೆ ಟೊಳ್ಳಾಗಿ ಕೇಳಿದರೆ ದೂರ ಸರಿ. ಬಂಡೆ ಇದ್ದಕ್ಕಿದ್ದಂತೆ ಸಿಡಿಯುವ ‘ರಾಕ್ ಬರ್ಸ್ಟ್’ಗೆ ಹೆಸರಾದ ಗಣಿಯಲ್ಲಿ ಈ ಒಂದು ಪಾಠ ಜೀವದ ಬೆಲೆಯದು.

ಹೀಗಾಗಿ ‘ಆ ಜನಕ್ಕೆ ಬೇರೆ ಯೋಚನೆ ಇರಲಿಲ್ಲ’ ಎನ್ನುವವರ ಜೊತೆ ನನಗೆ ಜಗಳವಿದೆ. ಕೈಗೆಟಕುವ ದಾರಿಗಳಲ್ಲಿ ಹೆಚ್ಚು ಸಂಬಳದ್ದನ್ನು ಅವರು ಆರಿಸಿಕೊಂಡರು, ಅಷ್ಟೇ.

ಎದೆಗೂಡಿನೊಳಗಿನ ಬಾಕಿ

ಆ ಸಂಬಳದಲ್ಲಿ ಕಡಿತವಾಗದೆ ಉಳಿದ ಒಂದು ಬಾಕಿ ಇತ್ತು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಇದೇ ಕೋಲಾರದ ಗಣಿಗಳಿಂದ, 1934ರಲ್ಲಿ. ಕಲ್ಲಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತು ಗಾಯದ ಗುರುತಾಗಿ ಗಟ್ಟಿಯಾಗುತ್ತದೆ. ಅದನ್ನು ವಾಸಿ ಮಾಡುವ ಮದ್ದಿಲ್ಲ. ಕ್ಷಯ ಅದರ ಹಿಂದೆಯೇ ಬರುತ್ತದೆ.

ಇದು ಬರೀ ಆರೋಗ್ಯದ ಮಾತಲ್ಲ, ಆದಾಯದ ಮಾತು. ಅರವತ್ತರವರೆಗೆ ದುಡಿಯಬೇಕಾದ ಅಪ್ಪ ನಲವತ್ತೈದಕ್ಕೇ ಮೆಟ್ಟಿಲು ಹತ್ತಲಾರದೆ ಕೂತರೆ ಮನೆಯ ದುಡಿಮೆಯ ಹದಿನೈದು ವರ್ಷ ಕತ್ತರಿಸಿಹೋಗುತ್ತದೆ. ಆ ಕೊರತೆಯನ್ನು ತುಂಬುವವನು ದೊಡ್ಡ ಮಗ. ಅವನು ಎಂಟನೆಯ ತರಗತಿಗೆ ಪುಸ್ತಕ ಮುಚ್ಚುತ್ತಾನೆ. ಅಪ್ಪನ ಕಸುಬು ಮಗನಿಗೆ ಹೋದದ್ದು ಅಪ್ಪನ ಆಸೆಯಿಂದಲೂ ಅಲ್ಲ, ಮಗನ ಒಲವಿನಿಂದಲೂ ಅಲ್ಲ, ಅಪ್ಪನ ಕೆಮ್ಮಿನಿಂದ. ಕಸುಬಿನ ಅಪಾಯವೇ ಆ ಕಸುಬನ್ನು ಮುಂದಿನ ತಲೆಮಾರಿಗೆ ತಳ್ಳುವ ಈ ಬಗೆ ಚಿನ್ನದ ಗಣಿಗೆ ಮಾತ್ರ ಸೇರಿದ್ದಲ್ಲ. ಕಲ್ಲುಕ್ವಾರಿಯಲ್ಲೂ ಮಲಗುಂಡಿಯಲ್ಲೂ ನಡೆಯುವುದು ಇದೇ.

ಒಂದು ಮನೆ, ಮೂರು ಗಂಡುಮಕ್ಕಳು

ಈಗ ಒಂದು ಮನೆಯನ್ನು ಹತ್ತಿರದಿಂದ ನೋಡೋಣ. ಇದು ನಿಜವಾಗಿ ಇದ್ದ ಯಾವುದೋ ಕುಟುಂಬವಲ್ಲ. ಲೆಕ್ಕ ಬಿಡಿಸಲೆಂದು ಕಟ್ಟಿಕೊಂಡದ್ದು. ಸಾಲುಮನೆಯಲ್ಲಿ ಒಂದು ಕೋಣೆ, ಮುಂದೆ ತಟ್ಟಿಯ ಮರೆ, ಹಿಂದೆ ಬೂದು ಬಣ್ಣದ ಸಯನೈಡ್ ದಿಬ್ಬ. ಅದಿರನ್ನು ಪುಡಿಮಾಡಿ ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟಿನಂಥ ಮಣ್ಣಿನ ಗುಡ್ಡ ಅದು. ಗಾಳಿ ಬೀಸಿದರೆ ಅನ್ನದ ತಟ್ಟೆಯವರೆಗೂ ಬರುತ್ತದೆ. ಅಪ್ಪ ಟಿಂಬರ್‌ಮ್ಯಾನ್.

ದೊಡ್ಡವನು ಅಪ್ಪನ ಉಸಿರು ಕಟ್ಟಿದಾಗ ಶಾಲೆ ಬಿಟ್ಟ. ಚಿಲ್ಲರೆ ಕೂಲಿ ಮಾಡಿಕೊಂಡಿದ್ದು, ವಯಸ್ಸು ತುಂಬಿದ ಮೇಲೆ ಗಣಿ ಸೇರಿದ. ಕಾಯಂ ನೌಕರಿ. ಮನೆಗೆ ಇದರಿಂದ ನೆಮ್ಮದಿಯೇ ಆಯಿತು.

ಎರಡನೆಯವನ ಕಥೆ ಇಡೀ ಪ್ರಕರಣದ ಗಂಟು. ಅವನೂ ಅದೇ ಸರತಿಯಲ್ಲಿ ನಿಂತ. ಆದರೆ ಅವನಿಗೆ ಹದಿನೆಂಟು ತುಂಬುವ ಹೊತ್ತಿಗೆ ಗಣಿಯೇ ಬತ್ತುತ್ತಿತ್ತು. ಮೊದಲ ದಶಕಗಳಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂ ಮೀರಿ ಸಿಗುತ್ತಿದ್ದ ಚಿನ್ನ ಕೊನೆಕೊನೆಗೆ ಮೂರ್ನಾಲ್ಕು ಗ್ರಾಂಗೆ ಇಳಿದಿತ್ತು. ಅದನ್ನು ತರಲು ಇನ್ನೂ ಆಳಕ್ಕೆ ಹೋಗಬೇಕು. ಚಾಂಪಿಯನ್ ರೀಫ್ ಮೂರು ಕಿಲೋಮೀಟರ್ ಆಳ ದಾಟಿತ್ತು. ಅಲ್ಲಿ ಬಂಡೆಯೇ ಮುಟ್ಟಿದರೆ ಸುಡುವಷ್ಟು ಬಿಸಿ, ಗಾಳಿಯನ್ನು ತಣಿಸಿ ಕೆಳಗೆ ಕಳಿಸುವುದೇ ಒಂದು ಕಾರ್ಖಾನೆಯ ಖರ್ಚು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ 25,000 ದಾಟಿದ್ದ ಕಾರ್ಮಿಕರ ಸಂಖ್ಯೆ ಕೊನೆಗೆ ಕೆಲವೇ ಸಾವಿರಕ್ಕೆ ಬಂತು. 1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ವಶಕ್ಕೆ ತೆಗೆದುಕೊಂಡಿತು, 1962ರಲ್ಲಿ ಅದು ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಬೋರ್ಡು ಮೂರು ಸಲ ಬದಲಾಯಿತು, ಅದಿರು ಮಾತ್ರ ಸುಧಾರಿಸಲಿಲ್ಲ.

ಆದರೂ ಎರಡನೆಯವನು ಕಾದ. ಇಂದು ತಾತ್ಕಾಲಿಕ, ನಾಳೆ ಕಾಯಂ ಆಗಬಹುದು ಎಂದು. ಅಪ್ಪನಿಗೆ ಸಿಕ್ಕಿತ್ತು, ಅಣ್ಣನಿಗೆ ಸಿಕ್ಕಿತ್ತು, ನನಗೇಕೆ ಸಿಗುವುದಿಲ್ಲ? ಈ ಕಾಯುವಿಕೆಗೆ ಸಂಬಳದ ಚೀಟಿ ಇಲ್ಲ, ಹಾಗಾಗಿ ಇದು ಯಾರ ಲೆಕ್ಕದಲ್ಲೂ ಸೇರುವುದಿಲ್ಲ. ಹದಿನೆಂಟರಿಂದ ಇಪ್ಪತ್ತೆಂಟರವರೆಗೆ ಬೇರೆ ಕಸುಬು ಕಲಿಯಬಹುದಾಗಿದ್ದ ಹತ್ತು ವರ್ಷ ಅವನು ಸರತಿಗೆ ಕೊಟ್ಟ. ಅಪ್ಪನ ಕೆಲಸ ಸಿಕ್ಕಿದ್ದರಿಂದ ಆದ ಬಡತನಕ್ಕಿಂತ, ಸಿಗುತ್ತದೆ ಎಂದು ನಂಬಿ ಕಾದದ್ದರಿಂದ ಆದ ಬಡತನ ದೊಡ್ಡದು ಎಂಬುದು ನನ್ನ ಎಣಿಕೆ.

ಮೂರನೆಯವನು ಐಟಿಐ ಮಾಡಿ ಬೆಮೆಲ್‌ಗೆ ಅರ್ಜಿ ಹಾಕಿದ. 1964ರಲ್ಲಿ ಹುಟ್ಟಿದ ಈ ಸಾರ್ವಜನಿಕ ಉದ್ದಿಮೆ ಕೆಜಿಎಫ್‌ನಲ್ಲೇ ಮಣ್ಣು ಅಗೆಯುವ ಭಾರಿ ಯಂತ್ರಗಳ ಕಾರ್ಖಾನೆ ನಡೆಸುತ್ತದೆ. ಅವನು ಕಲಿತದ್ದು ವೆಲ್ಡಿಂಗ್. ಬೆಮೆಲ್ ಸಿಗದಿದ್ದರೂ ಪೀಣ್ಯದಲ್ಲಿ, ಹೊಸೂರಿನಲ್ಲಿ ನಡೆಯುವ ಕಸುಬು.

ಈ ಮೂವರನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಮುಖ್ಯ ಅಂಶ ಕಾಣುತ್ತದೆ. ಮೂರನೆಯವನ ಐಟಿಐ ಫೀಸು ಎಲ್ಲಿಂದ ಬಂತು? ದೊಡ್ಡವನ ಗಣಿ ಸಂಬಳದಿಂದ. ಒಬ್ಬ ಮಗ ಅಪ್ಪನ ಕಸುಬು ಹಿಡಿದದ್ದೇ ಇನ್ನೊಬ್ಬ ಅದನ್ನು ಬಿಡಲು ಆಸರೆಯಾಯಿತು. ಒಂದು ಮನೆಯಿಂದ ಒಬ್ಬ ಮುಂದುವರಿದರೆ ಅದು ವಿಮೆ. ಎಲ್ಲರೂ ಮುಂದುವರಿದರೆ ಅದೇ ಕುಣಿಕೆ. ಸರಾಸರಿ ತೆಗೆದು ‘ಅಪ್ಪನ ಕಸುಬು ಹಿಡಿದವರ ಆದಾಯ ಇಷ್ಟು, ಬಿಟ್ಟವರದು ಇಷ್ಟು’ ಎಂದು ಹೋಲಿಸುವ ಅಧ್ಯಯನಗಳಲ್ಲಿ ಅಣ್ಣತಮ್ಮಂದಿರ ನಡುವಿನ ಈ ಸಾಲ ಕಾಣುವುದೇ ಇಲ್ಲ.

ಒಂದೇ ದಿನ, ಎಲ್ಲರಿಗೂ

1990ರ ದಶಕದಲ್ಲೇ ಸಂಸ್ಥೆ ರೋಗಗ್ರಸ್ತವೆಂದು, ನಷ್ಟದ ಉದ್ದಿಮೆಗಳ ಭವಿಷ್ಯ ನಿರ್ಧರಿಸುತ್ತಿದ್ದ ಬಿಐಎಫ್‌ಆರ್ ಮಂಡಳಿಯ ಮುಂದೆ ನಿಂತಿತ್ತು. ಮುಚ್ಚುವುದು ಅನಿರೀಕ್ಷಿತವಲ್ಲ. ಆದರೆ ಬಂದಾಗ ಅದರ ಪೆಟ್ಟು ಸಾಮಾನ್ಯ ನಿರುದ್ಯೋಗದ ಪೆಟ್ಟಿಗಿಂತ ಬೇರೆಯಾಗಿತ್ತು. ಬಡವರ ಮನೆಯಲ್ಲಿ ಕಷ್ಟ ಬಂದಾಗ ಬ್ಯಾಂಕು ಕೈ ಹಿಡಿಯುವುದಿಲ್ಲ, ಭಾವ ಹಿಡಿಯುತ್ತಾನೆ. ಅಣ್ಣನ ಮನೆಯಿಂದ ಅಕ್ಕಿ ಬರುತ್ತದೆ, ಪಕ್ಕದ ಮನೆಯವರು ಚೀಟಿ ಎತ್ತಿ ಕೊಡುತ್ತಾರೆ. ಕೆಜಿಎಫ್‌ನ ಸಾಲುಮನೆಗಳಲ್ಲಿ ಭಾವನೂ ಗಣಿ, ಅಣ್ಣನೂ ಗಣಿ, ಪಕ್ಕದ ಮನೆಯೂ ಗಣಿ. ಚೀಟಿ ಕಟ್ಟುವ ಇಪ್ಪತ್ತು ಜನರೂ ಒಂದೇ ತಾರೀಖಿನಂದು ಸಂಬಳ ಕಳೆದುಕೊಂಡರು. ತಲೆಮಾರುಗಳಿಂದ ಕೆಲಸ ಕೊಡಿಸುತ್ತ ಬಂದ ನೆಂಟಸ್ತಿಕೆಯ ಬಲೆ ಬೆಳಗಾಗುವಷ್ಟರಲ್ಲಿ ಬೆಲೆ ಕಳೆದುಕೊಂಡಿತು.

ಮನೆ, ನೀರು, ದೀಪ, ಆಸ್ಪತ್ರೆ ಎಲ್ಲವೂ ಅದೇ ಕಂಪನಿಯ ಗೂಟಕ್ಕೆ ಕಟ್ಟಿದ್ದವು. ವಾಸದ ಮನೆಯೂ ನೌಕರಿಯ ಜೊತೆ ಬಂದದ್ದು, ಸ್ವಂತದ್ದಲ್ಲ. ಅಡವಿಡಲು, ಮಾರಲು ಏನೂ ಇಲ್ಲ. ಮೂರು ತಲೆಮಾರು ದುಡಿದ ರೈತನಿಗೆ ಒಂದಿಷ್ಟು ನೆಲವಾದರೂ ಉಳಿಯಬಹುದು. ಮೂರು ತಲೆಮಾರು ಸೇರಿ 800 ಟನ್ನಿನಷ್ಟು ಚಿನ್ನ ಎತ್ತಿಕೊಟ್ಟ ಈ ಮನೆಗಳಿಗೆ ಉಳಿದದ್ದು ಹೆಡ್‌ಲ್ಯಾಂಪು ಕಟ್ಟಿದ ಫೋಟೋ.

ಪರಿಹಾರವನ್ನು ಹಂಚಿದ ಬಗೆಯಲ್ಲೂ ಒಂದು ಕುರುಡುತನವಿತ್ತು. ಇಂಥ ಪ್ಯಾಕೇಜುಗಳು ಸಿಗುವುದು ಹಾಜರಿ ಪುಸ್ತಕದಲ್ಲಿ ಹೆಸರಿದ್ದವನಿಗೆ, ಅವನ ಸೇವಾವಧಿಯ ಲೆಕ್ಕದಲ್ಲಿ. ನಮ್ಮ ಲೆಕ್ಕದ ಮನೆಯಲ್ಲಿ ಅದು ಸಿಗುವುದು ದೊಡ್ಡವನಿಗೆ ಮಾತ್ರ. ಹತ್ತು ವರ್ಷ ಸರತಿಯಲ್ಲಿ ನಿಂತ ಎರಡನೆಯವನು ಯಾವ ಪುಸ್ತಕದಲ್ಲೂ ಇಲ್ಲ. ಅದಿರು ಬತ್ತುತ್ತಿರುವುದು ದಶಕಗಳಿಂದ ಗೊತ್ತಿತ್ತು. ಮುಚ್ಚಿದ ಮೇಲೆ ಕೈಗೆ ಒಂದು ಗಂಟು ಕೊಡುವ ಬದಲು, ಮುಚ್ಚುವುದಕ್ಕೆ ಇಪ್ಪತ್ತು ವರ್ಷ ಮೊದಲೇ ‘ಈ ಸರತಿ ಮುಂದೆ ಸಾಗುವುದಿಲ್ಲ’ ಎಂದು ಹುಡುಗರಿಗೆ ನೇರವಾಗಿ ಹೇಳಿ ಐಟಿಐ ಸೀಟು ಹೆಚ್ಚಿಸಿದ್ದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಮನೆಗಳು ಉಳಿಯುತ್ತಿದ್ದವು ಎಂದು ನನಗೆ ಅನಿಸುತ್ತದೆ. ಆದರೆ ಹಾಗೆ ಹೇಳುವ ಧೈರ್ಯ ಆಡಳಿತಕ್ಕೂ ಇರಲಿಲ್ಲ, ಓಟು ಕೇಳುವವರಿಗೂ ಇರಲಿಲ್ಲ.

ಅಪ್ಪನ ಹುದ್ದೆ ಮಗನಿಗೆ ಎಂಬ ಆಸೆಯನ್ನು ನಮ್ಮ ವ್ಯವಸ್ಥೆ ಸುಮ್ಮನೆ ಬೆಳೆಯಲೂ ಬಿಟ್ಟಿಲ್ಲ, ನೀರೆರೆದಿದೆ. ಕಲ್ಲಿದ್ದಲು ಕಾರ್ಮಿಕರ ವೇತನ ಒಪ್ಪಂದದಲ್ಲಿ ಸತ್ತ ಅಥವಾ ಅಶಕ್ತನಾದ ನೌಕರನ ಅವಲಂಬಿತರಿಗೆ ಕೆಲಸ ಕೊಡುವ ಕಲಮಿದೆ. ರೈಲ್ವೆಯಲ್ಲಿ 2004ರಿಂದ ಇನ್ನೊಂದು ಯೋಜನೆ ಇತ್ತು: ಸುರಕ್ಷತೆಗೆ ಸಂಬಂಧಿಸಿದ ಹುದ್ದೆಯ ನೌಕರ ಅವಧಿಗೆ ಮುನ್ನ ನಿವೃತ್ತನಾದರೆ ಮಗನಿಗೆ ಕೆಲಸ. ಸಮಾನತೆಯ 14 ಮತ್ತು 16ನೆಯ ವಿಧಿಗಳ ಮುಂದೆ ಇದು ನಿಲ್ಲುವಂತೆ ಕಾಣುವುದಿಲ್ಲ ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2016ರಲ್ಲಿ ಹೇಳಿತು, ಆಮೇಲೆ ರೈಲ್ವೆ ಅದನ್ನು ಕೈಬಿಟ್ಟಿತು. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯೇ. ಆದರೆ ಹಳಿ ಸುತ್ತಿಗೆ ಹಿಡಿದು ಮೂವತ್ತು ವರ್ಷ ನಡೆದ ಗ್ಯಾಂಗ್‌ಮನ್ ತನ್ನ ಮಗನಿಗೂ ಅದೇ ಸುತ್ತಿಗೆ ಸಿಗಲಿ ಎಂದು ಬೇಡುತ್ತಾನೆ ಎಂದರೆ, ಹೊರಗಿನ ಮಾರುಕಟ್ಟೆ ಅವನಿಗೆ ಹೇಗೆ ಕಂಡಿರಬೇಕು!

ಸರತಿಯೇ ಇಲ್ಲದವರು

ನಮ್ಮ ಮನೆಯಲ್ಲಿ ಒಬ್ಬ ಮಗಳೂ ಇದ್ದಾಳೆ. ಇಷ್ಟು ಹೊತ್ತು ಅವಳ ಮಾತು ಬರಲಿಲ್ಲ, ಏಕೆಂದರೆ ಗಣಿಯಲ್ಲೂ ಅವಳ ಮಾತು ಬರುತ್ತಿರಲಿಲ್ಲ. 1952ರ ಗಣಿ ಕಾಯ್ದೆ ಹೆಂಗಸರು ನೆಲದಡಿ ದುಡಿಯುವುದನ್ನು ನಿಷೇಧಿಸಿತ್ತು. ಅಪ್ಪನ ಶಾಫ್ಟ್ ಅವಳಿಗೆ ಬರುವ ಹಾಗೆಯೇ ಇಲ್ಲ. ಆದ್ದರಿಂದ ಅವಳು ಯಾವ ಸರತಿಯಲ್ಲೂ ಕಾಯಬೇಕಾಗಿರಲಿಲ್ಲ. ಮನೆಯವರು ಓದಿಸಿದರೆ ನರ್ಸಿಂಗ್, ಟೀಚರ್ ತರಬೇತಿ, ಟೈಪಿಂಗ್; ಓದಿಸದಿದ್ದರೆ ಮದುವೆ.

ಅರ್ಥಶಾಸ್ತ್ರಜ್ಞರಾದ ಕೈವಾನ್ ಮುನ್ಶಿ ಮತ್ತು ಮಾರ್ಕ್ ರೋಸೆನ್‌ಜ್ವೈಗ್ ಮುಂಬೈನ ದಾದರ್‌ನಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಇನ್ನೊಂದು ಊರಿನಲ್ಲಿ ಕಂಡಿತು. ಅಲ್ಲಿನ ದುಡಿಯುವ ಜಾತಿಗಳಲ್ಲಿ ಗಿರಣಿ, ಕಾರ್ಖಾನೆಗಳಿಗೆ ಸೇರಿಸುವ ನೆಂಟರ ಬಲೆ ಗಂಡುಮಕ್ಕಳಿಗಿತ್ತು. ಅವರನ್ನು ಮರಾಠಿ ಶಾಲೆಗೆ ಕಳಿಸಿ ಹಳೆಯ ದಾರಿಗೇ ಬಿಟ್ಟರು. ಬಲೆಯ ಆಸರೆಯಿಲ್ಲದ ಹೆಣ್ಣುಮಕ್ಕಳು ಇಂಗ್ಲಿಷ್ ಶಾಲೆಯತ್ತ ಹೆಚ್ಚು ಹೆಚ್ಚಾಗಿ ಹೊರಳಿದರು. ಆರ್ಥಿಕತೆ ತೆರೆದುಕೊಂಡಾಗ ಆ ಓದಿಗೇ ಬೆಲೆ ಬಂತು. ಆಸ್ತಿಯಿಲ್ಲ, ನೌಕರಿಯ ಹಕ್ಕಿಲ್ಲ ಎಂದು ಬದಿಗೆ ತಳ್ಳಿದವಳು ಆ ಒಂದು ಕಾರಣಕ್ಕೇ ಮುಂದೆ ಹೋದಳು. ಇದನ್ನು ಸಮಾನತೆ ಎಂದು ಕರೆಯಲು ನಾನು ಸಿದ್ಧನಿಲ್ಲ, ಆದರೆ ಆದಾಯದ ಲೆಕ್ಕದಲ್ಲಿ ಇದು ನಿಜ.

ಹೊಸ ಕಸುಬು

ಗಣಿ ಮುಚ್ಚಿದರೂ ಊರು ಖಾಲಿಯಾಗಲಿಲ್ಲ. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 1.6 ಲಕ್ಷ. ಬಾಡಿಗೆಯಿಲ್ಲದ ಸಾಲುಮನೆ ಬಿಟ್ಟು ಬೆಂಗಳೂರಿಗೆ ಹೋದರೆ ಸಂಬಳದ ಅರ್ಧ ಬಾಡಿಗೆಗೇ ಹೋಗುತ್ತದೆ ಎಂಬುದು ಒಂದು ಕಾರಣ. ಹಾಗಾಗಿ ಜನ ಊರಿನಲ್ಲೇ ಉಳಿದು ದಿನವೂ ಓಡಾಡಲು ಶುರುಮಾಡಿದರು. ಗಣಿಗಾಗಿ 1894ರಲ್ಲಿ ಹಾಕಿದ ಮಾರಿಕುಪ್ಪಂ–ಬಂಗಾರಪೇಟೆ ಹಳಿಯ ಮೇಲೆ ಅಂದು ಯಂತ್ರ, ಕಲ್ಲಿದ್ದಲು ಬರುತ್ತಿತ್ತು, ಇಂದು ಮನುಷ್ಯರು ಹೊರಡುತ್ತಾರೆ. ಕತ್ತಲಿರುವಾಗಲೇ ರೈಲು ಹತ್ತಿದರೆ ಬೆಂಗಳೂರು ಸುಮಾರು ನೂರು ಕಿಲೋಮೀಟರ್. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಗಾರ್ಮೆಂಟ್ಸ್. ಮಿಷನ್ ಶಾಲೆಯ ಇಂಗ್ಲಿಷ್ ಕೈ ಹಿಡಿದವರಿಗೆ ಕಚೇರಿ ಕೆಲಸ. ಕೇಜಿನಲ್ಲಿ ಕೆಳಗಿಳಿಯುತ್ತಿದ್ದ ಹೊತ್ತಿಗೇ ಈಗ ಪ್ಲಾಟ್‌ಫಾರ್ಮ್ ಮೇಲೆ ಸೇರುತ್ತಾರೆ.

ಬೋಗಿಯೊಳಗೆ ಸೀಟುಗಳಿಗೆ ಮಾಲೀಕರಿದ್ದಾರೆ. ಮಾರಿಕುಪ್ಪಂನಲ್ಲೇ ಹತ್ತಿದವನು ಪಕ್ಕದ ಸೀಟಿನ ಮೇಲೆ ಟವೆಲ್ ಹಾಸಿಡುತ್ತಾನೆ. ಚಾಂಪಿಯನ್‌ನಲ್ಲಿ ಒಬ್ಬ, ಊರಿಗಾಂನಲ್ಲಿ ಇನ್ನೊಬ್ಬ ಬಂದು ಕೂರುತ್ತಾರೆ. ಅವರಲ್ಲಿ ಮೇಲ್ವಿಚಾರಕನಾಗಿ ಬಡ್ತಿ ಪಡೆದವನ ಬಳಿ ಏಜೆನ್ಸಿಗೆ ಆಳು ಬೇಕಾದಾಗಲೆಲ್ಲ ವಿಚಾರಣೆ ಬರುತ್ತದೆ. ಅವನು ಹೆಚ್ಚು ಯೋಚಿಸುವುದಿಲ್ಲ. ‘ನನ್ನ ಅಕ್ಕನ ಮಗ ಇದ್ದಾನೆ, ನಾಳೆಯಿಂದಲೇ ಕರೆದುಕೊಂಡು ಬರಲೇ?’ ಎಂದು ಫೋನಿನಲ್ಲಿ ಕೇಳುತ್ತಾನೆ. ಮರುದಿನ ಆ ಸಾಲಿನಲ್ಲಿ ಇನ್ನೊಂದು ಟವೆಲ್ ಹಾಸಿರುತ್ತದೆ.